ಐದು ವರ್ಷದ ಹಳೆಯ ಕೆಲಸ

ಆ ಮನೆಯಲ್ಲಿ ದೊಡ್ಡ ಖರ್ಚುಗಳನ್ನು ಹಣದಲ್ಲಿ ಹೇಳುವ ರೂಢಿಯೇ ಇರಲಿಲ್ಲ, ಬಚ್ಚಲುಗಳಲ್ಲಿ ಹೇಳುತ್ತಿದ್ದರು. ಮನೆಯ ಯಜಮಾನ ಪ್ಲಂಬರ್. ಒಂದು ಬಚ್ಚಲುಮನೆಗೆ ಪೈಪು ಎಳೆದು, ನಲ್ಲಿ ಕೂರಿಸಿ, ನೀರು ಬಿಟ್ಟು ತೋರಿಸಿದ ಮೇಲೆ ಕೈಯಲ್ಲಿ ಎಷ್ಟು ಉಳಿಯುತ್ತದೋ ಅದೇ ಆ ಮನೆಯ ನಾಣ್ಯ. ಹೆಂಡತಿಯ ಹಲ್ಲು ಕಟ್ಟಿಸಿದ್ದು ಎರಡು ಬಚ್ಚಲು, ಮಗಳ ಕನ್ನಡಕ ಅರ್ಧ ಬಚ್ಚಲು. ಮೂರು ವರ್ಷದ ಹಿಂದೆ ತಾಯಿಯನ್ನು ಹನ್ನೊಂದು ದಿನ ಆಸ್ಪತ್ರೆಯಲ್ಲಿ ಇಟ್ಟಿದ್ದಕ್ಕೆ ಒಂಬತ್ತು ಬಚ್ಚಲು ಹೋಗಿದ್ದವು, ಆ ಲೆಕ್ಕವನ್ನು ಮಾತ್ರ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಈಗ ಹಳೆಯದೊಂದು ವ್ಯಾನು ಕೊಳ್ಳಲೆಂದು ನಲವತ್ತು ಬಚ್ಚಲಿನಷ್ಟು ಹಣ ಕೂಡಿತ್ತು. ನಲವತ್ತೈದರ ವಯಸ್ಸಿನಲ್ಲಿ ಪೈಪಿನ ಕಟ್ಟನ್ನು ಹೆಗಲ ಮೇಲೆ ಹೊತ್ತು ಬಸ್ಸಿನವನ ಬೈಗುಳ ತಿನ್ನುವುದು ಅವನಿಗೆ ಸಾಕುಬೇಕಾಗಿತ್ತು.

ಅಂಥ ಹೊತ್ತಿನಲ್ಲಿ ಮಗಳು ಬೈಬಲ್ ಕಾಲೇಜಿನ ಮಾತೆತ್ತಿದಳು. ರಾತ್ರಿಯೂಟಕ್ಕೆ ಕೂತಾಗ, ಸೂಪಿನ ಬಟ್ಟಲಿಗೆ ಬ್ರೆಡ್ಡು ಅದ್ದುತ್ತ, ಉಪ್ಪು ಕೇಳಿದಷ್ಟೇ ಸಲೀಸಾಗಿ ಹೇಳಿದಳು. ಅವಳನ್ನು ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದರು, ಚಿಕ್ಕವಳಿದ್ದಾಗ ಊಟವನ್ನು ಗುಬ್ಬಿಯಂತೆ ಹೆಕ್ಕುತ್ತಿದ್ದಳೆಂದು. ಹದಿನೆಂಟು ತುಂಬಿದರೂ ಹೆಸರು ಹೋಗಿರಲಿಲ್ಲ. ಮೂರು ಕಾಲೇಜುಗಳ ವಿಳಾಸ ಬರೆದಿಟ್ಟುಕೊಂಡಿದ್ದಳು. ಮುಂದಿನ ತಿಂಗಳ ಕೊನೆಯೊಳಗೆ ಅರ್ಜಿ ಹೋಗಬೇಕು, ಅರ್ಜಿಯಲ್ಲಿ ತಂದೆಯ ಸಹಿ ಬೇಕು.

ಪ್ಲಂಬರ್ ಚಮಚ ಕೆಳಗಿಟ್ಟ. ಮೇಜಿನ ಆ ತುದಿಯಲ್ಲಿ ಕೂತಿದ್ದ ತನ್ನ ಅಪ್ಪನ ಕಡೆ ನೋಡಿದ. ಅಪ್ಪ ಅಂದರೆ ಗುಬ್ಬಿಯ ಅಜ್ಜ, ಮೂವತ್ತಾರು ವರ್ಷ ಸಣ್ಣ ಸಣ್ಣ ಚರ್ಚುಗಳಲ್ಲಿ ಬೋಧಕನಾಗಿದ್ದವನು.

"ಇದು ನಿಮ್ಮ ಉಪದೇಶವಾ?"

"ನಾನು ಹೇಳಿಕೊಟ್ಟಿಲ್ಲ," ಎಂದ ಅಜ್ಜ.

"ಅಜ್ಜನ್ನ ಯಾಕೆ ಬೈತೀಯ? ಕೇಳ್ತಿರೋದು ನಾನು," ಎಂದಳು ಗುಬ್ಬಿ.

ಪ್ಲಂಬರನ ಸಿಟ್ಟಿಗೆ ಕಾರಣವಿತ್ತು. ಬೋಧಕನ ಮಗನಾಗಿ ಅವನು ಹನ್ನೊಂದು ವರ್ಗಾವಣೆ ಕಂಡಿದ್ದ, ಏಳು ಶಾಲೆಗಳಲ್ಲಿ ಓದಿದ್ದ. ಮನೆಗೆ ಬರುತ್ತಿದ್ದ ಬಟ್ಟೆಯೆಲ್ಲ ಚರ್ಚಿನ ಸಭೆಯವರು ಹಾಕಿ ಬಿಟ್ಟದ್ದು. ಒಂಬತ್ತನೆಯ ವಯಸ್ಸಿನಲ್ಲಿ, ಹೊಸ ಊರಿನ ಮೊದಲ ಭಾನುವಾರ, ನೀಲಿ ಕೋಟು ತೊಟ್ಟು ಚರ್ಚಿನಲ್ಲಿ ಕೂತಿದ್ದಾಗ ಪಕ್ಕದ ಹುಡುಗ ಅವನನ್ನು ದಿಟ್ಟಿಸಿ ನೋಡಿ, ಕೋಟಿನ ಒಳಜೇಬನ್ನು ಹೊರಕ್ಕೆಳೆದು, "ಇದು ನನ್ನದು, ಮಸಿ ಕಲೆ ನೋಡು" ಎಂದು ಸುತ್ತಲಿನವರಿಗೆಲ್ಲ ತೋರಿಸಿದ್ದ. ಪೀಠದ ಮೇಲೆ ಅಪ್ಪನ ಪ್ರಸಂಗ, ಭಾನುವಾರದ ಬೋಧನೆ, ನಡೆದೇ ಇತ್ತು. ಹದಿನಾರಕ್ಕೆ ಶಾಲೆ ಬಿಟ್ಟು ಪೈಪು ಹಿಡಿದವನು ಮತ್ತೆ ಯಾರ ಮನೆಯ ಬಟ್ಟೆಯನ್ನೂ ಮೈಗೆ ಹಾಕಿರಲಿಲ್ಲ. ಮಗಳು ಈಗ ಆ ಬದುಕಿಗೆ ತಾನಾಗಿ ನಡೆದು ಹೋಗುತ್ತೇನೆ ಅನ್ನುತ್ತಿದ್ದಳು.

ಮೂರು ದಿನ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ನಾಲ್ಕನೆಯ ದಿನ ಹೆಂಡತಿ ಬಾಯಿ ಬಿಟ್ಟಳು. ಅವಳು ಶಾಲೆಯೊಂದರ ಅಡುಗೆಮನೆಯಲ್ಲಿ ದಿನಕ್ಕೆ ಮುನ್ನೂರು ಮಕ್ಕಳಿಗೆ ಊಟ ಬಡಿಸುವವಳು, ಯಾರ ರಾಗವನ್ನೂ ಹೆಚ್ಚು ಹೊತ್ತು ಕೇಳುವ ಅಭ್ಯಾಸವಿರಲಿಲ್ಲ.

"ಬೇಡ ಅನ್ನೋದಾದ್ರೆ ನೋಡಿ ಬೇಡ ಅನ್ನಿ. ಒಂದು ನೀರಿನ ಟ್ಯಾಂಕಿಗೆ ಮೂರು ಕೊಟೇಶನ್ ತರಿಸ್ತೀರಿ. ಮಗಳ ವಿಷಯಕ್ಕೆ ಒಂದೂ ಬೇಡ್ವಾ?"

ಈ ಮಾತು ಅವನಿಗೆ ನಾಟಿತು. ಕೆಲಸದಲ್ಲಿ ಅವನು ಖಡಕ್ಕು. ಮೂರು ಕಡೆ ಬೆಲೆ ಕೇಳದೆ ಒಂದು ಮೊಳೆಯನ್ನೂ ಕೊಳ್ಳುತ್ತಿರಲಿಲ್ಲ. ಬೆಲೆ ಬಂದ ಮೇಲೂ ಅಂಗಡಿಯವನ ಮಾತು ನಂಬದೆ, ಅದೇ ಮಾಲು ಐದು ವರ್ಷದ ಹಿಂದೆ ಯಾರ ಮನೆಗೆ ಹೋಗಿದೆ ಎಂದು ವಿಚಾರಿಸಿ, ಆ ಮನೆಯ ಬಾಗಿಲು ತಟ್ಟಿ, ಗೋಡೆಗೆ ಕೈಯಿಟ್ಟು ತೇವ ನೋಡಿ ಬರುತ್ತಿದ್ದ. ಹೊಸದರಲ್ಲಿ ಎಲ್ಲವೂ ಚೆನ್ನ, ನೋಡುವುದಾದರೆ ಐದು ವರ್ಷದ ಹಳೆಯ ಕೆಲಸ ನೋಡಬೇಕು ಎಂಬುದು ಅವನ ಕಟ್ಟಾ ನಂಬಿಕೆ. ಸರಿ, ಕಾಲೇಜುಗಳನ್ನೂ ಹಾಗೆಯೇ ನೋಡುತ್ತೇನೆ ಎಂದ.

ಅವನ ಪತ್ರಗಳನ್ನೆಲ್ಲ ಬರೆಯುವವಳು ಹೆಂಡತಿಯೇ. ಹದಿನೈದು ವರ್ಷದಿಂದ ಪೈಪಿನ ಅಂಗಡಿಗಳಿಗೆ ಒಂದೇ ಒಕ್ಕಣೆಯ ಪತ್ರ ಬರೆದು ಬರೆದು ಅವಳ ಕೈಗೆ ಅದು ಬಾಯಿಪಾಠವಾಗಿತ್ತು. ಬೆಳಗ್ಗೆ ಕೆಲಸಕ್ಕೆ ಓಡುವ ಗಡಿಬಿಡಿಯಲ್ಲಿ ಮೂರು ಕಾಲೇಜಿಗೂ ಬರೆದು ಅಂಚೆಗೆ ಹಾಕಿದಳು. ಮಧ್ಯಾಹ್ನ ಬಟಾಣಿ ಬೇಯಿಸುವಾಗ ನೆನಪಾಗಿ ಅವಳು ಸೌಟು ಕೆಳಗಿಟ್ಟಳು. ಶುಲ್ಕ ಎಷ್ಟು, ಎಷ್ಟು ವರ್ಷ ಎಂದು ಕೇಳಿದ ಮೇಲೆ ಎಂದಿನಂತೆ ಕೊನೆಯ ಸಾಲೂ ಬಿದ್ದುಹೋಗಿತ್ತು: ಗ್ಯಾರಂಟಿ ಎಷ್ಟು ವರ್ಷ, ಸೋರಿದರೆ ಯಾರು ಜವಾಬ್ದಾರಿ, ದಯವಿಟ್ಟು ತಿಳಿಸಿ.

ಗುಬ್ಬಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. "ಅಮ್ಮಾ, ಅದು ದೇವರ ವಿಷಯ ಓದೋ ಕಾಲೇಜು."

"ಓದಿದೋರು ಸೋರಲ್ವಾ?" ಎಂದ ಪ್ಲಂಬರ್. ಆ ವಾರದಲ್ಲಿ ಅವನು ನಕ್ಕಿದ್ದು ಅದೊಂದೇ ಸಲ.

ಎರಡು ವಾರದಲ್ಲಿ ಮೂರೂ ಉತ್ತರ ಬಂದವು. ಮೊದಲನೆಯದು ದೊಡ್ಡ ಕಾಲೇಜಿನದು. ಹೊಳೆಯುವ ಕಾಗದ, ಹುಲ್ಲುಹಾಸಿನ ಮೇಲೆ ಪುಸ್ತಕ ಹಿಡಿದು ನಗುವ ಮಕ್ಕಳ ಚಿತ್ರ. ನಾಲ್ಕು ವರ್ಷದ ಪದವಿ. ಓದಿ ಹೊರಬಂದವರಲ್ಲಿ ನೂರಕ್ಕೆ ತೊಂಬತ್ತೆರಡು ಮಂದಿ ಚರ್ಚಿನ ಸೇವೆಯಲ್ಲಿದ್ದಾರೆ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಸೋರುವ ವಿಷಯಕ್ಕೆ ಉತ್ತರವಿರಲಿಲ್ಲ. ಪ್ಲಂಬರ್ ಪೆನ್ಸಿಲು ಹಿಡಿದು ಲೆಕ್ಕ ಹಾಕಿದ, ಹಾಸ್ಟೆಲು ಸೇರಿ ನೂರಹತ್ತು ಬಚ್ಚಲು. ಎರಡನೆಯದು ಅಂಚೆ ಮೂಲಕ ಪಾಠ ಕಳಿಸುವ ಸಂಸ್ಥೆಯದು, ಮನೆಯಲ್ಲೇ ಕೂತು ಓದಬಹುದು, ಹನ್ನೆರಡು ಬಚ್ಚಲು.

ಮೂರನೆಯದು ಅಚ್ಚಿನದಲ್ಲ. ಚಿಕ್ಕ ಕಾಲೇಜಿನ ಪ್ರಿನ್ಸಿಪಾಲರು ಕೈಯಲ್ಲೇ ಬರೆದಿದ್ದರು. ಎರಡು ವರ್ಷ, ಊಟ ವಸತಿ ಸೇರಿ ಇಷ್ಟು. ಮೂವತ್ತು ಬಚ್ಚಲು. ಅದರ ಕೆಳಗೆ: "ಗ್ಯಾರಂಟಿ ಇಲ್ಲ. ಸೋರುವುದು ನಿಜ. ನಮ್ಮಲ್ಲಿ ಓದಿದವರಲ್ಲಿ ಹತ್ತಕ್ಕೆ ನಾಲ್ಕು ಮಂದಿ ಐದು ವರ್ಷದೊಳಗೆ ಈ ಕೆಲಸ ಬಿಟ್ಟಿದ್ದಾರೆ. ಜವಾಬ್ದಾರಿ ಯಾರದೆಂದು ನಾನೂ ಯೋಚಿಸುತ್ತೇನೆ. ಓದು ಮುಗಿದ ಮೇಲೆ ಮೂರು ವರ್ಷ ನಾವು ಕಳಿಸಿದ ಊರಿನಲ್ಲಿ ಕೆಲಸ ಮಾಡಬೇಕೆಂಬುದು ಷರತ್ತು."

ಪತ್ರ ಪ್ಲಂಬರನಿಗೆ ಹಿಡಿಸಿತ್ತು, ಕೊನೆಯ ಸಾಲಿನವರೆಗೆ. ಕಳಿಸಿದ ಊರು ಎಂಬ ಮಾತು ಓದಿದ್ದೇ ಅದನ್ನು ಮಗುಚಿ ಹಾಕಿ ಮೇಲೆ ಲೋಟ ಇಟ್ಟ.

"ಇದು ಆಗಲ್ಲ. ಗಂಟುಮೂಟೆ ಕಟ್ಟೋದು ಇವಳ ಹಣೇಲೂ ಬೇಡ."

ಅಜ್ಜನ ಪಾಲಿನ ಕೆಲಸ ತರಕಾರಿ ಹೆಚ್ಚುವುದು. ತಲೆ ತಗ್ಗಿಸಿ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದ.

ಮುಂದಿನ ಎರಡು ಶನಿವಾರ ಅಪ್ಪ ಮಗಳು ಹಳೆಯ ಕೆಲಸ ನೋಡಲು ಹೊರಟರು. ದೊಡ್ಡ ಕಾಲೇಜಿನಲ್ಲಿ ಐದು ವರ್ಷದ ಹಿಂದೆ ಓದಿ ಮುಗಿಸಿದ ಒಬ್ಬ ಯುವಕ ಕೊರಿಯರ್ ಕಚೇರಿಯ ಕೌಂಟರಿನಲ್ಲಿ ಸಿಕ್ಕಿದ. ಪಾರ್ಸೆಲುಗಳಿಗೆ ಚೀಟಿ ಅಂಟಿಸುತ್ತಲೇ ಮಾತಾಡಿದ. ಬೈಬಲಿನ ಮೂಲ ಭಾಷೆಗಳನ್ನು ಓದಬಲ್ಲೆ ಎಂದು ಹೇಳುವಾಗ ಅವನ ಮುಖ ಅರಳಿತು, ಗುಬ್ಬಿ ಕೇಳಿದ್ದಕ್ಕೆ ಒಂದು ಸಾಲು ಹೇಳಿಯೂ ತೋರಿಸಿದ. ಚರ್ಚುಗಳಲ್ಲಿ ಖಾಲಿ ಜಾಗ ಕಡಿಮೆ, ಅರ್ಜಿಗಳು ಹೆಚ್ಚು. ಓದಿಗೆ ಮಾಡಿದ ಸಾಲ ಇನ್ನೂ ಏಳು ವರ್ಷ ತೀರಿಸಬೇಕು.

"ಮತ್ತೆ ತೊಂಬತ್ತೆರಡು ಮಂದಿ ಸೇವೆಯಲ್ಲಿದಾರೆ ಅಂತ ಬರೆದಿದ್ದಾರಲ್ಲ?" ಎಂದು ಪ್ಲಂಬರ್ ಕೇಳಿದ.

"ಭಾನುವಾರ ಮಕ್ಕಳಿಗೆ ಒಂದು ಗಂಟೆ ಪಾಠ ಹೇಳ್ತೀನಿ ಸಾರ್. ಆ ತೊಂಬತ್ತೆರಡರಲ್ಲಿ ನಾನೂ ಒಬ್ಬ," ಎಂದ ಯುವಕ. ಹೇಳಿ ಮುಂದಿನ ಪಾರ್ಸೆಲು ಎಳೆದುಕೊಂಡ.

ಅಂಚೆಯ ಪಾಠ ಓದಿದವಳು ಬೇಕರಿ ನಡೆಸುವ ಹೆಂಗಸು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಒಲೆಯ ಮೇಲೆ ತೂಗುಹಾಕಿದ್ದಳು, ಗಾಜಿಗೆ ಹಿಟ್ಟು ಮೆತ್ತಿತ್ತು. ಓದು ಹಗುರ, ಹಣ ಹಗುರ, ಆದರೆ ಸಂಶಯ ಬಂದಾಗ ಕೇಳೋಣವೆಂದರೆ ಎದುರಿಗೆ ಯಾರೂ ಇರುತ್ತಿರಲಿಲ್ಲ, ಗೋಡೆಯನ್ನೇ ಕೇಳಬೇಕಿತ್ತು ಎಂದಳು. ಗುಬ್ಬಿಗೆ ಬಿಸಿ ಬನ್ನು ಕೊಟ್ಟು, ನಿನ್ನ ವಯಸ್ಸಿನಲ್ಲಿ ನಾನಾಗಿದ್ದರೆ ಜನರಿರುವ ಕಡೆ ಹೋಗುತ್ತಿದ್ದೆ ಎಂದಳು.

ಮನೆಗೆ ಬಂದು ಪ್ಲಂಬರ್ ತೀರ್ಪು ಕೊಟ್ಟ. ಒಂದಕ್ಕೆ ಹಣ ಸುರಿದು ಫಲ ಕಾಣೆ, ಇನ್ನೊಂದಕ್ಕೆ ಹಣವೂ ಇಲ್ಲ ಫಲವೂ ಇಲ್ಲ. ಅರ್ಜಿಯ ಕಥೆ ಇಲ್ಲಿಗೆ ಮುಗಿಯಿತು, ಮಗಳು ಲೆಕ್ಕಪತ್ರದ ಕೆಲಸ ಕಲಿಯಲಿ. ಗುಬ್ಬಿ ಅಳಲಿಲ್ಲ. ತಟ್ಟೆ ತೊಳೆಯುತ್ತ, ಬೆನ್ನು ಹಾಕಿಕೊಂಡೇ ಹೇಳಿದಳು: "ಮೂರು ಕೊಟೇಶನ್ ತರಿಸಿ ಎರಡೇ ನೋಡಿದೆ. ಬೇರೆಯವರ ಕೆಲಸಕ್ಕೆ ಹೀಗೆ ಮಾಡ್ತೀಯಾ?"

"ಆ ಕಾಲೇಜಿನವರು ಈ ಊರಲ್ಲಿ ಯಾರೂ ಇಲ್ಲ."

"ಇದ್ದಾರೆ," ಎಂದ ಅಜ್ಜ. ಅಷ್ಟೂ ವಾರಗಳಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು ಅದು. "ಆಸ್ಪತ್ರೇಲಿ ಒಬ್ಬಳಿದ್ದಾಳೆ. ಬಂದು ಐದು ವರ್ಷ ಆಯ್ತು."

ಪ್ಲಂಬರ್ ಎದ್ದು ಹೊರಗೆ ಹೋದ. ಊರಿಗೆ ಇದ್ದದ್ದು ಒಂದೇ ಆಸ್ಪತ್ರೆ. ಮೂರು ವರ್ಷದಿಂದ ಅವನು ಅದರ ಗೇಟು ದಾಟಿರಲಿಲ್ಲ, ಹೊಸ ಕಟ್ಟಡದ ಪೈಪಿನ ಕೆಲಸ ಹುಡುಕಿಕೊಂಡು ಬಂದರೂ ಬೇಡವೆಂದಿದ್ದ. ಅವನ ತಾಯಿ ತೀರಿಕೊಂಡದ್ದು ಅಲ್ಲಿ, ಒಂದು ಭಾನುವಾರ ಸಂಜೆ ಆರೂವರೆಗೆ. ಹೆಂಡತಿ ಮಗಳು ಅಡುಗೆ ಮಾಡಿ ತರಲು ಮನೆಗೆ ಹೋಗಿದ್ದರು. ಅವನು ಹೋಟೆಲೊಂದರ ಒಡೆದ ಟ್ಯಾಂಕಿನ ಕೆಳಗೆ ಮೊಣಕಾಲವರೆಗೆ ನೀರಿನಲ್ಲಿ ನಿಂತಿದ್ದ, ಒಂದು ಗಂಟೆಯಲ್ಲಿ ಬರುತ್ತೇನೆಂದು ಹೇಳಿ ಹೋದದ್ದು ಮೂರು ಗಂಟೆಯಾಯಿತು. ಅಪ್ಪ, ನಿವೃತ್ತನಾದರೂ, ಸಭೆಗೆ ಬೋಧಕರು ಬಂದಿಲ್ಲವೆಂದು ಸಂಜೆಯ ಪ್ರಾರ್ಥನೆ ನಡೆಸಲು ಹೋಗಿದ್ದ. ಅಮ್ಮ ಒಬ್ಬಳೇ ಹೋದಳು. ಹೆಂಡತಿ ಸಾಯುವಾಗಲೂ ಸಭೆಗೆ ಹೋದ ಗಂಡ ಎಂದು ಅಪ್ಪನ ಮೇಲೆ ಅವನಿಗೆ ಕೋಪ. ತನ್ನ ಮೇಲಿದ್ದ ಕೋಪವನ್ನೂ ಸೇರಿಸಿ ಅಪ್ಪನ ಮೇಲೇ ಹೊರಿಸಿದ್ದ. ಅದು ಅವನಿಗೂ ಗೊತ್ತಿತ್ತು.

ಆದರೂ ಗುರುವಾರ ಮಧ್ಯಾಹ್ನ ಗುಬ್ಬಿಯನ್ನು ಕರೆದುಕೊಂಡು ಹೋದ. ಮಗಳು ಕೇಳಿದ ಪ್ರಶ್ನೆ ಮೈಗೆ ಮುಳ್ಳಿನಂತೆ ಚುಚ್ಚಿಕೊಂಡಿತ್ತು, ಕೆಲಸದಲ್ಲಿ ಅವನಿಗೆ ಅನ್ಯಾಯ ಗೊತ್ತಿರಲಿಲ್ಲ.

ಅಜ್ಜ ಹೇಳಿದ ಹೆಂಗಸಿಗೆ ಮೂವತ್ತು ಇರಬಹುದು. ರೋಗಿಗಳ ಪಕ್ಕ ಕೂತು ಮಾತಾಡುವ, ಬೇಕೆಂದವರಿಗೆ ಪ್ರಾರ್ಥನೆ ಮಾಡುವ ಕೆಲಸಕ್ಕೆಂದೇ ಆಸ್ಪತ್ರೆ ಅವಳಿಗೆ ಸಣ್ಣ ಸಂಬಳ ಕೊಡುತ್ತಿತ್ತು. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಸ್ಟೂಲು. ತಮ್ಮನ್ನು ಅಜ್ಜ ಕಳಿಸಿದ್ದೆಂದು ಗುಬ್ಬಿ ಹೇಳಿದಳು. ಆ ಹೆಂಗಸು ತಲೆಯಾಡಿಸಿ ಇಬ್ಬರನ್ನೂ ಕೂರಿಸಿದಳು.

ಪ್ಲಂಬರ್ ತನ್ನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದ. ಅವಳು ಯಾವುದನ್ನೂ ಮುಚ್ಚಿಡಲಿಲ್ಲ. ತನ್ನ ಜೊತೆ ಓದಿದ ಒಂಬತ್ತು ಜನರಲ್ಲಿ ನಾಲ್ವರು ಬಿಟ್ಟರು. ಸಂಬಳದಲ್ಲಿ ಬಾಡಿಗೆ, ಊಟ ಕಳೆದರೆ ಕೈ ಖಾಲಿ. ಮೊದಲ ವರ್ಷ ದಿನವೂ ಓಡಿಹೋಗೋಣ ಅನ್ನಿಸುತ್ತಿತ್ತು. ಕಾಲೇಜಿನ ಪುಸ್ತಕದ ಪಾಠ ಸಾಧಾರಣ, ಗ್ರಂಥಾಲಯ ನಗೆಪಾಟಲು, ಆದರೆ ಎರಡನೆಯ ವರ್ಷವಿಡೀ ವಾರಕ್ಕೆ ಮೂರು ದಿನ ಆಸ್ಪತ್ರೆಯ ವಾರ್ಡಿನಲ್ಲಿ ಕೂರಿಸುತ್ತಾರೆ.

"ಕೂತು?" ಎಂದ ಪ್ಲಂಬರ್.

"ಕೂತಿರೋದೇ. ಅದೇ ಕಷ್ಟ."

"ಈ ಊರು ನೀವೇ ಆರಿಸಿಕೊಂಡಿದ್ದಾ?"

"ಇಲ್ಲ. ನನ್ನನ್ನ ಕೇಳಿದ್ರೆ ಈ ಊರಿಗೆ ಬರ್ತಾನೇ ಇರಲಿಲ್ಲ. ಕಳಿಸಿದ್ರು, ಬಂದೆ." ಅವಳು ಅವನ ಮುಖ ನೋಡಿದಳು. "ನೀವು ಹದಿನೇಳನೇ ಹಾಸಿಗೆಯ ಅಮ್ಮನ ಮಗ ಅಲ್ವಾ?"

ಪ್ಲಂಬರ್ ಹೌದೆಂದ.

"ಆವತ್ತು ಸಂಜೆ ಅವರ ಹತ್ರ ನಾನಿದ್ದೆ," ಎಂದಳು ಅವಳು. "ನಾಲ್ಕೂವರೆಯಿಂದ ಕೊನೇವರೆಗೂ. ನಿಮಗೆ ಹೇಳಿಲ್ವಾ?"

ಯಾರೂ ಹೇಳಿರಲಿಲ್ಲ. ಅವಳು ನಿಧಾನವಾಗಿ ಹೇಳಿದಳು. ಅಮ್ಮನಿಗೆ ಹೆಚ್ಚು ನೋವಿರಲಿಲ್ಲ. ಆದರೆ ಹಾಸಿಗೆಯ ಪಕ್ಕದ ಕೈ ತೊಳೆಯುವ ನಲ್ಲಿ ತೊಟ್ಟಿಕ್ಕುತ್ತಿತ್ತು, ಆ ಸದ್ದಿಗೆ ನಿದ್ದೆ ಹತ್ತುತ್ತಿರಲಿಲ್ಲ. ನನ್ನ ಮಗ ಬಂದರೆ ಇದು ಎರಡು ನಿಮಿಷದ ಕೆಲಸ, ಅವನ ಕೈ ಮುಟ್ಟಿದ ನಲ್ಲಿ ತೊಟ್ಟಿಕ್ಕುವುದಿಲ್ಲ ಎಂದು ಎರಡು ಮೂರು ಸಲ ಹೇಳಿದರಂತೆ. ಮಗನಿಗೆ ಹೇಳಿ ಕಳಿಸಲಾ ಎಂದು ಇವಳು ಕೇಳಿದ್ದಕ್ಕೆ, ಬೇಡ, ಅವನು ಕೆಲಸದಲ್ಲಿದ್ದಾನೆ, ಅರ್ಧಕ್ಕೆ ಬಿಟ್ಟು ಬಂದರೆ ಅಲ್ಲಿಯವರಿಗೆ ನೀರಿಲ್ಲ ಎಂದರಂತೆ.

"ಒಂದು ಬಟ್ಟೆ ಮಡಿಸಿ ನಲ್ಲಿ ಕೆಳಗೆ ಹಾಕಿದೆ," ಎಂದಳು ಅವಳು. "ಸದ್ದು ನಿಂತಿತು. ಆಮೇಲೆ ನನ್ನ ಕೈ ಹಿಡ್ಕೊಂಡು ಮಲಗಿದ್ರು."

ಗುಬ್ಬಿ ಅಳುತ್ತಿದ್ದಳು. ಪ್ಲಂಬರ್ ಎದ್ದು ನಿಂತು, ಆ ವಾರ್ಡಿಗೆ ಹೋಗಬಹುದೇ ಎಂದು ಕೇಳಿದ. ಹದಿನೇಳನೆಯ ಹಾಸಿಗೆ ಖಾಲಿಯಿತ್ತು, ಹೊದಿಕೆ ಮಡಿಸಿಟ್ಟಿತ್ತು. ಅವನು ನಲ್ಲಿಯನ್ನು ಪೂರ್ತಿ ತಿರುಗಿಸಿ ನೀರು ಬಿಟ್ಟ, ಮುಚ್ಚಿದ. ಅಂಗೈ ಚಾಚಿ ಕೆಳಗೆ ಹಿಡಿದು ಕಾದ. ಒಂದು ಹನಿಯೂ ಬೀಳಲಿಲ್ಲ. ಬುಡಕ್ಕೆ ಬೆರಳಾಡಿಸಿ ನೋಡಿದ, ಒಣಗಿತ್ತು. ಯಾರೋ ಹೊಸ ವಾಷರ್ ಹಾಕಿ, ಗಡಿಬಿಡಿಯಿಲ್ಲದೆ ಬಿಗಿ ಮಾಡಿದ್ದರು. ಮಾಡಿ ವರ್ಷಗಳೇ ಆಗಿದ್ದಂತಿತ್ತು.

"ಒಳ್ಳೆ ಕೆಲಸ," ಎಂದ, ಯಾರಿಗೆಂದಲ್ಲದೆ. ಮಂಚದ ಅಂಚಿನಲ್ಲಿ ಕೂತು, ಕೈ ಒದ್ದೆಯಿದ್ದಂತೆಯೇ, ಅವನು ಮೂರು ವರ್ಷದಿಂದ ಅಳದೆ ಉಳಿದದ್ದನ್ನು ಅತ್ತ. ಆ ಹೆಂಗಸು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು. ಅವನು ಮುಖ ಒರೆಸಿಕೊಂಡು ಏಳುವವರೆಗೂ ಕೂತೇ ಇದ್ದಳು, ಅವಳ ಕಾಲೇಜು ಏನು ಕಲಿಸುತ್ತದೆಂದು ಮತ್ತೆ ಕೇಳುವ ಅಗತ್ಯ ಅವನಿಗೆ ಬೀಳಲಿಲ್ಲ.

ಮನೆಗೆ ಬಂದಾಗ ಅಪ್ಪ ಒಣಗಿದ ಬಟ್ಟೆ ಮಡಿಸುತ್ತಿದ್ದ. ಪ್ಲಂಬರ್ ಬೂಟು ಕೂಡ ಬಿಚ್ಚದೆ ಕೇಳಿದ.

"ಅಮ್ಮನ ಹತ್ರ ಆ ಹುಡುಗಿ ಇದ್ಲು ಅಂತ ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಾನು ನೆಪ ಹೇಳ್ತಿದೀನಿ ಅಂತಿದ್ದೆ," ಎಂದ ಅಪ್ಪ. "ಅವಳಿದ್ದಳು ನಿಜ. ನಾನಿರಲಿಲ್ಲ, ಅದೂ ನಿಜ."

ಪ್ಲಂಬರ್ ಬುಟ್ಟಿಯಿಂದ ಒಂದು ಟವೆಲು ತೆಗೆದು, ಮಡಿಸಿ, ಅಪ್ಪನ ರಾಶಿಯ ಮೇಲಿಟ್ಟ.

ಶನಿವಾರ ಬೆಳಗ್ಗೆ ಚಿಕ್ಕ ಕಾಲೇಜಿನ ಅರ್ಜಿ ಮೇಜಿನ ಮೇಲೆ ಬಂತು. ವ್ಯಾನಿನ ನಲವತ್ತರಲ್ಲಿ ಮೂವತ್ತು ಹೋಗುತ್ತದೆ, ಇನ್ನೂ ಕೆಲವು ವರ್ಷ ಬಸ್ಸಿನವನ ಬೈಗುಳ ತಿನ್ನುತ್ತೇನೆ ಎಂದು ಪ್ಲಂಬರ್ ಸಹಿ ಹಾಕಿದ. ಗುಬ್ಬಿ ಅವನ ಹೆಗಲಿಗೆ ಗಲ್ಲ ಒತ್ತಿ ನಿಂತಳು. ಹಾಸ್ಟೆಲಿಗೆ ತರಬೇಕಾದ ಸಾಮಾನಿನ ಪಟ್ಟಿಯನ್ನು ಹೆಂಡತಿ ಓದಿದಳು: ಹೊದಿಕೆ ಎರಡು, ತಟ್ಟೆ ಒಂದು, ಲೋಟ ಒಂದು, ದಪ್ಪನೆಯ ಕೋಟು ಒಂದು. ಕೋಟಿಗೆ ಖರ್ಚಿಲ್ಲ, ಜೊತೆಯಲ್ಲಿ ಅಡುಗೆ ಮಾಡುವವಳ ಮಗಳದೊಂದು ಒಳ್ಳೆಯದಿದೆ, ತೋಳು ಚಿಕ್ಕದು ಮಾಡಿಸಿದರಾಯಿತು ಎಂದಳು.

"ಬೇಡ. ಕೋಟು ಹೊಸದೇ ಆಗ್ಬೇಕು," ಎಂದ ಪ್ಲಂಬರ್.

"ಒಂದು ಬಚ್ಚಲು ಹೋಗುತ್ತೆ ರೀ."

"ಹೋಗ್ಲಿ."

ಅಜ್ಜ ಆಲೂಗಡ್ಡೆಯ ಚಾಕು ಕೆಳಗಿಟ್ಟ. "ಹೊಸದೇ ಆಗ್ಲಿ ಮಗಳೇ," ಎಂದ ಸೊಸೆಗೆ. ಆಮೇಲೆ ಮಗನ ಕಡೆ ತಿರುಗಿದ. "ಆ ಹುಡುಗ ನಿನ್ನ ಕೋಟಿನ ಜೇಬು ಎಳೆದು ತೋರಿಸಿದ್ದನ್ನ ನಾನು ನೋಡ್ದೆ. ಪೀಠದ ಮೇಲಿಂದ ಎಲ್ಲಾ ಕಾಣುತ್ತೆ."

ಪ್ಲಂಬರ್ ಮೂವತ್ತಾರು ವರ್ಷದಿಂದ ಅದು ಮನೆಯಲ್ಲಿ ತನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದ.

"ಇಳಿದು ಬರಬೇಕಿತ್ತು," ಎಂದ ಅಪ್ಪ. "ಬರಲಿಲ್ಲ. ಪ್ರಸಂಗ ಮುಗಿಸಿದೆ."

ಒಲೆಯ ಮೇಲಿನ ನೀರು ಕುದಿಯತೊಡಗಿ ಹೆಂಡತಿ ಉರಿ ಸಣ್ಣಗೆ ಮಾಡಿದಳು. ಪ್ಲಂಬರ್ ಪೆನ್ಸಿಲು ತೆಗೆದುಕೊಂಡು ಪಟ್ಟಿಯಲ್ಲಿ ಕೋಟಿನ ಮುಂದೆ ಹೊಸದು ಎಂದು ಬರೆದ. ನಂತರ ಅರ್ಜಿ ಎಳೆದುಕೊಂಡು, ಬೇಕೆಂದೇ ಖಾಲಿ ಬಿಟ್ಟಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟ. ಕುಟುಂಬದಲ್ಲಿ ಹಿಂದೆ ಸೇವೆ ಮಾಡಿದವರು ಯಾರಾದರೂ ಇದ್ದರೆ ತಿಳಿಸಿ ಎಂದಿತ್ತು. ಅಜ್ಜ ಎಂದು ಬರೆದ.

"ಎಷ್ಟು ವರ್ಷ ಅಪ್ಪ?"

ಎಷ್ಟೆಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ.

"ಮೂವತ್ತಾರು," ಎಂದ ಅಪ್ಪ.

ಬರೆದು, ಕಾಗದ ಮಡಿಸಿ ಗುಬ್ಬಿಯ ಕೈಗೆ ಕೊಟ್ಟ. ಎದ್ದು ಇನ್ನೊಂದು ಚಾಕು ತಂದು ಅಪ್ಪನ ಎದುರಿಗೆ ಕೂತು, ಬುಟ್ಟಿಯಿಂದ ಒಂದು ಆಲೂಗಡ್ಡೆ ತೆಗೆದುಕೊಂಡ.